ಫೇಲಾದ ವರ್ಷದ ಓದು

ಚೆನ್ನೈಯಲ್ಲಿ ಜನವರಿ ಎಂದರೆ ಪುಸ್ತಕಗಳ ತಿಂಗಳು. ಮಾರ್ಗಳಿಯ ಸಂಗೀತ ಕಛೇರಿಗಳು ಮುಗಿಯುವ ಹೊತ್ತಿಗೆ ನಂದನಂನ ವೈಎಂಸಿಎ ಮೈದಾನದಲ್ಲಿ ಪುಸ್ತಕ ಮೇಳದ ಶಾಮಿಯಾನ ಏಳುತ್ತದೆ. ಪೊಂಗಲ್ ರಜೆಯಲ್ಲಿ ಜನ ಮಕ್ಕಳು ಮರಿ ಸಮೇತ ಬರುತ್ತಾರೆ. ಭುಜಕ್ಕೆ ಬಟ್ಟೆಯ ಚೀಲ, ಕೈಯಲ್ಲಿ ಚೀಟಿ ಅಥವಾ ಮೊಬೈಲ್. ಅದರಲ್ಲಿರುವುದು ಅನೇಕ ಸಲ ಯಾರೋ ಕಾದಂಬರಿಕಾರರು ‘ಕಳೆದ ವರ್ಷ ನಾನು ಮೆಚ್ಚಿದ ಪುಸ್ತಕಗಳು’ ಎಂದು ಬರೆದ ಪಟ್ಟಿ. ತಮಿಳರಲ್ಲಿ ಈ ರೂಢಿ ಜೋರಾಗಿದೆ. ನಮ್ಮ ಕನ್ನಡದ ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ಡಿಸೆಂಬರ್ ಕೊನೆಯ ವಾರ ಇಂಥ ಪಟ್ಟಿಗಳು ಸಾಲಾಗಿ ಬರುತ್ತವೆ. ಒಬ್ಬರು ಮೂವತ್ತು ಪುಸ್ತಕ ಓದಿರುತ್ತಾರೆ, ಇನ್ನೊಬ್ಬರು ಐವತ್ತೆರಡು. ಎಣಿಸಿ ಕೊಡಲು ಆ್ಯಪ್ ಕೂಡ ಇದೆ.

ಇವನ್ನೆಲ್ಲ ನಾನೂ ಆಸೆಯಿಂದ ಓದುತ್ತೇನೆ, ಕೆಲವು ಪುಸ್ತಕ ಕೊಳ್ಳುತ್ತೇನೆ. ಆದರೆ ಒಂದು ಅನುಮಾನ ಮಾತ್ರ ಹೋಗುವುದಿಲ್ಲ. ಪಟ್ಟಿ ಕೊಡುವವರು ಈಗಾಗಲೇ ಹೆಸರಾದವರು. ಹೆಸರಾದವರು ಏನನ್ನು ಮೆಚ್ಚಬೇಕೆಂದು ನಾವು ನಿರೀಕ್ಷಿಸುತ್ತೇವೋ ಬಹುಪಾಲು ಅದನ್ನೇ ಮೆಚ್ಚಿರುತ್ತಾರೆ. ಹೆಸರಾಗುವ ಮೊದಲು, ಯಾರೂ ಕೇಳದಿದ್ದಾಗ, ಅವರು ಏನು ಓದುತ್ತಿದ್ದರು? ಯಾವ ಪುಸ್ತಕಕ್ಕೆ ಅತ್ತಿದ್ದರು? ಆ ಪಟ್ಟಿ ಸಿಗುವುದು ಕಷ್ಟ.

ಅಂಥದೊಂದು ಪಟ್ಟಿ ಆರ್.ಕೆ. ನಾರಾಯಣ್ ಅವರ ಆತ್ಮಕಥನ ‘ಮೈ ಡೇಸ್’ನಲ್ಲಿದೆ. 1974ರಲ್ಲಿ ಬಂದ ಆ ಪುಸ್ತಕದಲ್ಲಿ ಅವರು ಅದನ್ನು ಪಟ್ಟಿಯಾಗಿ ಕೊಟ್ಟಿಲ್ಲ. ನಾವೇ ಪುಟಗಳ ನಡುವಿನಿಂದ ಆರಿಸಿ ಜೋಡಿಸಿಕೊಳ್ಳಬೇಕು. ಅದು 1925–26ರ ಮಾತು. ಅವರಿಗಾಗ ಹತ್ತೊಂಬತ್ತರ ಆಸುಪಾಸು. ಯೂನಿವರ್ಸಿಟಿ ಪ್ರವೇಶ ಪರೀಕ್ಷೆಯಲ್ಲಿ ಫೇಲಾಗಿ, ಮುಂದಿನ ಪರೀಕ್ಷೆಯವರೆಗೆ ಮೈಸೂರಿನ ಮನೆಯಲ್ಲಿ ಕೂತಿದ್ದ ವರ್ಷ ಅದು. ನೂರು ವರ್ಷ ಹಳೆಯದಾದ ಆ ಓದಿನ ಬಗ್ಗೆ ಈ ಸಲ ಬರೆಯಬೇಕೆನ್ನಿಸಿತು. ಅದಕ್ಕೆ ಕಾರಣ ನಮ್ಮ ಅಪಾರ್ಟ್‌ಮೆಂಟಿನ ಒಬ್ಬ ಹುಡುಗ. ಅವನ ವಿಷಯ ಮುಂದೆ ಹೇಳುತ್ತೇನೆ.

ಎದುರು ದಿಕ್ಕಿನ ರೈಲು

ನಾವು ಕೆಲಸ ಹುಡುಕಿಕೊಂಡು ಮೈಸೂರು ಸೀಮೆಯಿಂದ ಚೆನ್ನೈಗೆ ಬಂದವರು. ನಾರಾಯಣ್ ಅದೇ ದಾರಿಯಲ್ಲಿ ಎದುರು ದಿಕ್ಕಿಗೆ ಹೋದವರು. ಅವರು ಹುಟ್ಟಿದ್ದು 1906ರ ಅಕ್ಟೋಬರ್ 10ರಂದು ಮದರಾಸಿನಲ್ಲಿ, ಬೆಳೆದದ್ದು ಪುರಸವಾಕಂನ ಅಜ್ಜಿಯ ಮನೆಯಲ್ಲಿ. ಅಜ್ಜಿ ಅವರನ್ನು ಕರೆಯುತ್ತಿದ್ದುದು ಕುಂಜಪ್ಪ ಎಂದು. ಮನೆಯಲ್ಲಿ ಜತೆಗಿದ್ದದ್ದು ಒಂದು ನವಿಲು, ಒಂದು ಕೋತಿ. ಲೆಕ್ಕ, ಪುರಾಣ, ಸಂಸ್ಕೃತ, ಸಂಗೀತ ಎಲ್ಲವೂ ಅಜ್ಜಿಯ ಪಾಠ. ಪುರಸವಾಕಂನ ಲುಥೆರನ್ ಮಿಷನ್ ಶಾಲೆಯಿಂದ ಶುರುವಾಗಿ ಮದರಾಸಿನ ಮೂರು ಶಾಲೆಗಳಲ್ಲಿ ಓದಿದರು.

ತಂದೆ ಕೃಷ್ಣಸ್ವಾಮಿ ಅಯ್ಯರ್ ಮೈಸೂರು ಸಂಸ್ಥಾನದ ಶಾಲೆಗಳಲ್ಲಿ ಹೆಡ್‌ಮಾಸ್ಟರ್. ಅವರಿಗೆ ಮೈಸೂರಿನ ಮಹಾರಾಜ ಕಾಲೇಜಿನ ಹೈಸ್ಕೂಲಿಗೆ ವರ್ಗವಾದಾಗ ಮಗನೂ ಅಲ್ಲಿಗೆ ಬಂದ. ಮುಂದಿನ ಹಲವು ದಶಕ ಮೈಸೂರೇ ಅವರ ಊರು. ವಯಸ್ಸಾಗಿ ಆರೋಗ್ಯ ಕೆಟ್ಟ ಮೇಲೆ ಮತ್ತೆ ಚೆನ್ನೈಗೆ ಬಂದು, 2001ರ ಮೇ 13ರಂದು ಇಲ್ಲೇ ತೀರಿಕೊಂಡರು.

ಅವರು ತಮಿಳರು, ಬರೆದದ್ದು ಇಂಗ್ಲಿಷಿನಲ್ಲಿ, ಹಾಗಾದರೆ ನಮ್ಮವರು ಹೇಗೆ ಎಂಬ ಪ್ರಶ್ನೆ ಮೈಸೂರಿನಲ್ಲಿ ಎದ್ದದ್ದುಂಟು. ಯಾದವಗಿರಿಯ ಅವರ ಮನೆಯನ್ನು ಉಳಿಸುವ ಮಾತು ಬಂದಾಗಲೂ ಎದ್ದಿತ್ತು. 2016ರಲ್ಲಿ ಆ ಮನೆ ಮ್ಯೂಸಿಯಂ ಆಗಿ ತೆರೆಯಿತು. ಅಷ್ಟರಲ್ಲಾಗಲೇ ಶಂಕರ್‌ನಾಗ್ ಆಗುಂಬೆಯಲ್ಲಿ ‘ಮಾಲ್ಗುಡಿ ಡೇಸ್’ ಚಿತ್ರಿಸಿ ಅವರನ್ನು ನಮ್ಮ ಮನೆಗಳೊಳಗೆ ತಂದು ಕೂರಿಸಿದ್ದರು. ಹುಟ್ಟಿದ ಊರೊಂದು, ಬದುಕಿದ ಊರೊಂದು, ಬರೆಯುವ ಭಾಷೆ ಮತ್ತೊಂದು ಎಂಬ ಸ್ಥಿತಿ ಹೊರನಾಡಿನಲ್ಲಿರುವ ನಮಗೆ ಅಷ್ಟೇನೂ ವಿಚಿತ್ರವಾಗಿ ಕಾಣುವುದಿಲ್ಲ.

ಪಟ್ಟಿಯಲ್ಲಿ ಏನಿತ್ತು?

ಹೆಡ್‌ಮಾಸ್ಟರರ ಮಗ ಎಂಬುದು ನಾರಾಯಣ್ ಪಾಲಿಗೆ ದೊಡ್ಡ ಅನುಕೂಲವಾಯಿತು. ಶಾಲೆಯ ಲೈಬ್ರರಿ ಚೆನ್ನಾಗಿತ್ತು. ತಂದೆಯೂ ಓದುವ ಹವ್ಯಾಸದವರು, ಮನೆಗೆ ಪುಸ್ತಕ ತರುತ್ತಿದ್ದರು. ಶಾಲೆಯ ವಾಚನಾಲಯದ ಮೇಜಿನ ಮೇಲೆ ಲಂಡನ್ನಿನಿಂದ, ಅಮೆರಿಕದಿಂದ ಬಂದ ಪತ್ರಿಕೆಗಳು ಇರುತ್ತಿದ್ದವು. ‘ಸ್ಟ್ರಾಂಡ್ ಮ್ಯಾಗಜೀನ್’, ‘ಬುಕ್‌ಮನ್’, ‘ಹಾರ್ಪರ್ಸ್’, ‘ಲಂಡನ್ ಮರ್ಕ್ಯುರಿ’ ಹೀಗೆ. ಹಡಗಿನಲ್ಲಿ ವಾರಗಟ್ಟಲೆ ಪ್ರಯಾಣ ಮಾಡಿ ಬಂದ ಆ ಸಂಚಿಕೆಗಳ ಮೂಲಕ ಮೈಸೂರಿನ ಹುಡುಗನೊಬ್ಬ ಲಂಡನ್ನಿನಲ್ಲಿ ಯಾವ ಪುಸ್ತಕ ಬಂತು, ಅದನ್ನು ಯಾರು ಹೊಗಳಿದರು, ಯಾರು ತೆಗಳಿದರು ಎಂಬುದನ್ನೆಲ್ಲ ತಿಳಿದುಕೊಳ್ಳುತ್ತಿದ್ದ.

ಫೇಲಾದ ವರ್ಷ ಮತ್ತು ಅದರ ಆಸುಪಾಸಿನಲ್ಲಿ ಅವರು ಓದಿದ್ದೇನು? ವಾಲ್ಟರ್ ಸ್ಕಾಟ್, ಡಿಕನ್ಸ್, ಥಾಮಸ್ ಹಾರ್ಡಿ. ‘ಸ್ಟ್ರಾಂಡ್’ ಪುಟಗಳಲ್ಲಿ ಕಾನನ್ ಡಾಯ್ಲ್ ಮತ್ತು ವುಡ್‌ಹೌಸ್. ಇವಿಷ್ಟೂ ಇಂದಿನ ಯಾವ ಪಟ್ಟಿಯಲ್ಲಿದ್ದರೂ ಯಾರೂ ಹುಬ್ಬೇರಿಸುವುದಿಲ್ಲ. ಆದರೆ ಹುಡುಗನ ಮನಸ್ಸು ನಿಜವಾಗಿ ಸಿಕ್ಕಿಕೊಂಡದ್ದು ಬೇರೆ ಕಡೆ.

ಅವರಿಗೆ ದುಃಖಾಂತ್ಯ ಬೇಕಿತ್ತು. ಕೊನೆಯ ಪುಟ ಮುಗಿಸಿದಾಗ ಎದೆ ಒಡೆದು ಹೋಗಬೇಕು, ಅಂಥ ಪುಸ್ತಕವನ್ನೇ ಹುಡುಕಿ ಓದುತ್ತಿದ್ದರು. ಸ್ಕಾಟ್‌ನ ಕಾದಂಬರಿಗಳಲ್ಲಿ ಮೆಚ್ಚಿಕೊಂಡದ್ದು ಮದುವೆಯ ರಾತ್ರಿಯೇ ಎಲ್ಲ ನಾಶವಾಗುವ ‘ದಿ ಬ್ರೈಡ್ ಆಫ್ ಲ್ಯಾಮರ್‌ಮೂರ್’. ಅದಕ್ಕಿಂತ ಹೆಚ್ಚು ಅಳಿಸಿದ್ದು ಮಿಸೆಸ್ ಹೆನ್ರಿ ವುಡ್ ಬರೆದ ‘ಈಸ್ಟ್ ಲಿನ್’. 1861ರ ಈ ಕಾದಂಬರಿಯಲ್ಲಿ ಗಂಡನನ್ನೂ ಮಕ್ಕಳನ್ನೂ ಬಿಟ್ಟು ಹೋದ ಹೆಂಗಸೊಬ್ಬಳು, ಗುರುತು ಸಿಗದ ಹಾಗಾಗಿ, ತನ್ನ ಮಕ್ಕಳಿಗೇ ಪಾಠ ಹೇಳುವವಳಾಗಿ ಅದೇ ಮನೆಗೆ ವಾಪಸು ಬರುತ್ತಾಳೆ. ಕಣ್ಣೆದುರೇ ಮಗ ಸಾಯುತ್ತಾನೆ, ನಾನು ನಿನ್ನ ತಾಯಿ ಎಂದು ಅವನಿಗೆ ಹೇಳುವ ಹಾಗಿಲ್ಲ. ನಮ್ಮ ಹಳೆಯ ಕಪ್ಪು ಬಿಳುಪು ಸಿನಿಮಾದಂಥದೇ ಕಥೆ. ಎಷ್ಟು ಸಲ ಓದಿದರೂ ಗಂಟಲು ಕಟ್ಟುತ್ತಿತ್ತು ಎಂದು ನಾರಾಯಣ್ ಸಂಕೋಚವಿಲ್ಲದೆ ಹೇಳಿಕೊಂಡಿದ್ದಾರೆ.

ಇನ್ನೊಬ್ಬ ಆರಾಧ್ಯ ಲೇಖಕಿ ಮೇರಿ ಕೊರೆಲ್ಲಿ. ತನ್ನ ಕಾಲದ ಇಂಗ್ಲೆಂಡಿನಲ್ಲಿ ಆಕೆಯ ಪುಸ್ತಕಗಳಿಗೆ ಎಲ್ಲರಿಗಿಂತ ಹೆಚ್ಚು ಮಾರಾಟವಿತ್ತು, ವಿಮರ್ಶಕರು ಮಾತ್ರ ಆಕೆಯನ್ನು ಕಂಡರೆ ನಗುತ್ತಿದ್ದರು. ಆಡಂಬರದ ಭಾಷೆ, ಉಕ್ಕಿ ಹರಿಯುವ ಭಾವುಕತೆ, ಲೋಕದ ಮೇಲೆ ಸಿಟ್ಟು. ನಾರಾಯಣ್ ಆಕೆಯ ಪುಸ್ತಕಗಳನ್ನು ಒಂದಾದ ಮೇಲೊಂದು ಓದಿದರು. ಪತ್ರಿಕೆಯಲ್ಲಿ ಬಂದ ಆಕೆಯ ಭಾವಚಿತ್ರವನ್ನು ಕತ್ತರಿಸಿ ತಮ್ಮ ಪುಸ್ತಕದ ಶೆಲ್ಫಿನ ಮೇಲೆ ಇಟ್ಟುಕೊಂಡಿದ್ದರು. ನಾವು ಹೈಸ್ಕೂಲಿನಲ್ಲಿ ರೂಮಿನ ಗೋಡೆಗೆ ಕ್ರಿಕೆಟಿಗರ ಪೋಸ್ಟರ್ ಅಂಟಿಸುತ್ತಿದ್ದೆವಲ್ಲ, ಹಾಗೆ.

ಸಂಜೆಯ ಓದು ಬೇರೆ. ಕಂಕುಳಲ್ಲಿ ಪದ್ಯದ ಪುಸ್ತಕವೊಂದನ್ನು ಇಟ್ಟುಕೊಂಡು ಕುಕ್ಕರಹಳ್ಳಿ ಕೆರೆಯ ಕಡೆ ನಡೆದು ಹೋಗುವುದು, ಮರದ ಕೆಳಗೆ ಕೂತು ಓದುವುದು, ಕತ್ತಲಾದ ಮೇಲೆ ಮನೆಗೆ ಬರುವುದು. ಆ ಪುಸ್ತಕ ಒಮ್ಮೊಮ್ಮೆ ಕೀಟ್ಸ್, ಶೆಲ್ಲಿ ಇಲ್ಲವೆ ಟ್ಯಾಗೋರ್, ಬಹಳ ಸಲ ಪಾಲ್‌ಗ್ರೇವ್ ಸಂಪಾದಿಸಿದ ‘ಗೋಲ್ಡನ್ ಟ್ರೆಷರಿ’ ಎಂಬ ಇಂಗ್ಲಿಷ್ ಕವನ ಸಂಕಲನ. ಪರೀಕ್ಷೆಯ ಪುಸ್ತಕ ಮುಂದಿನ ವರ್ಷಕ್ಕೆ ಇದ್ದೇ ಇತ್ತು. ಹೀಗೆ ಸಿಕ್ಕ ಒಂದು ಇಡೀ ವರ್ಷವನ್ನು ಅವರು ಶಿಕ್ಷೆಯೆಂದು ನೆನೆಯುವುದಿಲ್ಲ. ಸಿಕ್ಕಿದ ಭಾಗ್ಯವೆಂಬಂತೆ ಬರೆಯುತ್ತಾರೆ.

ಅದೇ ಮನೆಯಲ್ಲಿ ಇನ್ನೊಬ್ಬ ಓದುಗನಿದ್ದ. 1921ರಲ್ಲಿ ಹುಟ್ಟಿದ ಕೊನೆಯ ತಮ್ಮ, ಇನ್ನೂ ಅಕ್ಷರ ಬಾರದ ವಯಸ್ಸು. ‘ಸ್ಟ್ರಾಂಡ್’, ‘ಪಂಚ್’ ಪತ್ರಿಕೆಗಳ ಚಿತ್ರಗಳನ್ನು ನೋಡುತ್ತಾ ನೆಲದ ಮೇಲೆ, ಗೋಡೆಯ ಮೇಲೆ ಗೀಚುತ್ತಿದ್ದ. ಆತ ಆರ್.ಕೆ. ಲಕ್ಷ್ಮಣ್. ಅಣ್ಣ ಕಥೆ ಓದಿ ಬದಿಗಿಟ್ಟ ಪತ್ರಿಕೆ ತಮ್ಮನ ಕೈಗೆ ಬಂದು ಚಿತ್ರಪಾಠವಾಯಿತು. ಇದನ್ನು ಆ ಮನೆಯಲ್ಲಿ ಯಾರೂ ಯೋಜನೆ ಹಾಕಿ ಮಾಡಿದ್ದಲ್ಲ.

ಅದೇ ಊರು, ಅದೇ ಪುಸ್ತಕ

ಇದೇ ಹೊತ್ತಿನಲ್ಲಿ ಅದೇ ಮೈಸೂರಿನಲ್ಲಿ ಮತ್ತೇನು ನಡೆಯುತ್ತಿತ್ತು ಎಂದು ನೋಡಿದರೆ ನಮಗೆ, ಕನ್ನಡಿಗರಿಗೆ, ಇನ್ನೂ ಖುಷಿಯಾಗುತ್ತದೆ. ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ಬಿ.ಎಂ. ಶ್ರೀಕಂಠಯ್ಯನವರು ತಮ್ಮ ‘ಇಂಗ್ಲಿಷ್ ಗೀತಗಳು’ ಸಂಕಲನವನ್ನು ಪ್ರಕಟಿಸಿದ್ದು 1926ರಲ್ಲಿ. ಅದರಲ್ಲಿ ಕನ್ನಡಕ್ಕೆ ಬಂದ ಅನೇಕ ಕವನಗಳು ‘ಗೋಲ್ಡನ್ ಟ್ರೆಷರಿ’ಯವು. ಆದಿಪ್ರಾಸವನ್ನು ಬಿಟ್ಟು, ಹೊಸ ಛಂದಸ್ಸನ್ನು ತಂದು, ಇಂದು ನಾವು ಹಾಡುವ ಭಾವಗೀತೆಗಳಿಗೆಲ್ಲ ದಾರಿ ತೆರೆದ ಪುಸ್ತಕ ಅದು.

ಅವರ ಶಿಷ್ಯರಲ್ಲೊಬ್ಬ ಮಲೆನಾಡಿನ ಹುಡುಗ ಕೆ.ವಿ. ಪುಟ್ಟಪ್ಪ. ನಾರಾಯಣ್ ಅವರಿಗಿಂತ ಎರಡು ವರ್ಷ ದೊಡ್ಡವರು. ಅವರೂ ಇಂಗ್ಲಿಷ್ ಕವಿಗಳಲ್ಲಿ ಮುಳುಗಿದ್ದವರೇ. 1922ರಲ್ಲಿ ‘ಬಿಗಿನರ್ಸ್ ಮ್ಯೂಸ್’ ಎಂಬ ಇಂಗ್ಲಿಷ್ ಕವನಗಳ ಪುಟ್ಟ ಪುಸ್ತಕವನ್ನೂ ತಂದಿದ್ದರು. ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಿದ್ದಾಗ ಅದನ್ನು ನೋಡಿ, ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂದು ಹೇಳಿದ್ದು ಎಲ್ಲರಿಗೂ ಗೊತ್ತಿರುವ ಕಥೆ. ಕುವೆಂಪು ಕನ್ನಡಕ್ಕೆ ಹೊರಳಿದರು. ಅವರ ಸಂಜೆಯ ತಿರುಗಾಟದ ಜಾಗವೂ ಅದೇ ಕುಕ್ಕರಹಳ್ಳಿ ಕೆರೆ.

ಒಂದೇ ಊರು, ಒಂದೇ ಕೆರೆ, ಒಂದೇ ಪುಸ್ತಕ. ಮೇಷ್ಟರೊಬ್ಬರ ಕೈಯಲ್ಲಿ ಅದು ಕನ್ನಡದ ಹೊಸ ಕಾವ್ಯವಾಯಿತು. ಅವರ ವಿದ್ಯಾರ್ಥಿಗೆ ತನ್ನ ಭಾಷೆಗೆ ಮರಳುವ ಮೊದಲಿನ ಮೆಟ್ಟಿಲಾಯಿತು. ಕಾಲೇಜಿಗೆ ಇನ್ನೂ ಸೀಟು ಸಿಗದ ಹುಡುಗನಿಗೆ ಇಂಗ್ಲಿಷಿನಲ್ಲೇ ಉಳಿದು ನಮ್ಮ ಬೀದಿಯ ಕಥೆ ಹೇಳುವ ಧೈರ್ಯ ಕೊಟ್ಟಿತು. ಆ ದಿನ ಯಾರಾದರೂ ಕೆರೆಯ ಏರಿಯ ಮೇಲೆ ನಿಂತು, ‘ಈ ಪುಸ್ತಕ ಓದಿ ಏನು ಪ್ರಯೋಜನ?’ ಎಂದು ಮೂವರನ್ನೂ ಕೇಳಿದ್ದರೆ ಒಬ್ಬರಿಗೂ ಪೂರ್ತಿ ಉತ್ತರ ಗೊತ್ತಿರುತ್ತಿರಲಿಲ್ಲ. ಹತ್ತು ವರ್ಷದ ನಂತರ, 1930ರ ದಶಕದ ನಡುವೆ, ಒಬ್ಬರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಮತ್ತು ಇನ್ನೊಬ್ಬರ ‘ಕಾನೂರು ಹೆಗ್ಗಡಿತಿ’ ಹೆಚ್ಚುಕಡಿಮೆ ಬೆನ್ನುಬೆನ್ನಿಗೆ ಬಂದವು.

ಓದಿದ್ದು ಎಲ್ಲಿ ಹೋಯಿತು?

ನನಗೆ ಬಹಳ ದಿನ ಬಿಡಿಸಲಾಗದ ಒಗಟು ಒಂದಿತ್ತು. ‘ಈಸ್ಟ್ ಲಿನ್’ ಮತ್ತು ಮೇರಿ ಕೊರೆಲ್ಲಿಯನ್ನು ಎದೆಗೆ ಒತ್ತಿಕೊಂಡಿದ್ದ ಹುಡುಗ ಮುಂದೆ ಬರೆದದ್ದು ಅದಕ್ಕೆ ನೇರ ವಿರುದ್ಧವಾದದ್ದನ್ನು. ಮಾಲ್ಗುಡಿಯಲ್ಲಿ ಕೂಗಾಟವಿಲ್ಲ, ಎದೆ ಬಡಿದುಕೊಳ್ಳುವುದಿಲ್ಲ. ಸಣ್ಣ ವಾಕ್ಯ, ಸಣ್ಣ ನಗು, ಸಣ್ಣ ಮನುಷ್ಯರು. ಹಾಗಾದರೆ ಆ ವರ್ಷದ ಕಣ್ಣೀರೆಲ್ಲ ಎಲ್ಲಿ ಹೋಯಿತು?

ಶುರುವಿನಲ್ಲಿ ಅದು ಅನುಕರಣೆಯಾಗಿಯೇ ಬಂತು. ಆಗ ಬರೆದ ಮೊದಲ ಬರಹಗಳು ಯಾವ ಕವಿಯನ್ನು ಓದುತ್ತಿದ್ದರೋ ಆ ಕವಿಯ ಧಾಟಿಯಲ್ಲೇ ಇದ್ದವು ಎಂದು ಅವರೇ ಹೇಳಿಕೊಂಡಿದ್ದಾರೆ. 1926ರಲ್ಲಿ ಪರೀಕ್ಷೆ ಪಾಸಾಯಿತು. ಕಾಲೇಜಿನ ಪದವಿಗೆ ಎಲ್ಲರಿಗಿಂತ ಒಂದು ವರ್ಷ ಹೆಚ್ಚು ಹಿಡಿದು 1930ರಲ್ಲಿ ಬಿ.ಎ. ಮುಗಿಯಿತು. ಮೇಷ್ಟರ ಕೆಲಸಕ್ಕೆ ಹೋದರು, ಡ್ರಿಲ್ ಮಾಸ್ಟರ್ ಜಾಗದಲ್ಲಿ ನಿಲ್ಲಿ ಎಂದದ್ದಕ್ಕೆ ಬಿಟ್ಟು ಬಂದರು. ಅಜ್ಜಿ ನೋಡಿ ಹೇಳಿದ ಒಳ್ಳೆಯ ದಿನದಂದು ಒಂದು ನೋಟ್‌ಬುಕ್ ಕೊಂಡು ಕೂತಾಗ ಮೊದಲು ಹೊಳೆದದ್ದು ಒಂದು ಸಣ್ಣ ರೈಲ್ವೆ ಸ್ಟೇಷನ್. ಅದರ ಹೆಸರು ಮಾಲ್ಗುಡಿ.

ಅವರ ಮೊದಲ ಪ್ರಕಟಿತ ಬರಹ ಕಥೆಯಲ್ಲ, ಒಂದು ಪುಸ್ತಕ ವಿಮರ್ಶೆ. ಯಾವ ಪುಸ್ತಕ ಅನ್ನುತ್ತೀರಿ? ಹದಿನೇಳನೆಯ ಶತಮಾನದ ಇಂಗ್ಲೆಂಡಿನ ಸಮುದ್ರಯಾನದ ಕಾನೂನುಗಳ ಬಗೆಗಿನ ಪುಸ್ತಕ! ಮೊದಲ ವರ್ಷ ಬರವಣಿಗೆಯಿಂದ ಬಂದ ಆದಾಯ ಒಂಬತ್ತು ರೂಪಾಯಿ ಹನ್ನೆರಡು ಆಣೆ. ಮದರಾಸಿನ ‘ದಿ ಜಸ್ಟಿಸ್’ ಪತ್ರಿಕೆಗೆ ಮೈಸೂರಿನ ವರದಿಗಾರರಾಗಿ ಬೀದಿ ಸುತ್ತಿದರು. ಕಾದಂಬರಿಯ ಹಸ್ತಪ್ರತಿ ಪ್ರಕಾಶಕರಿಂದ ಪ್ರಕಾಶಕರಿಗೆ ತಿರುಗಿ, ಕೊನೆಗೆ ಸ್ನೇಹಿತ ಪೂರ್ಣ ಅದನ್ನು ಆಕ್ಸ್‌ಫರ್ಡಿನಲ್ಲಿ ಗ್ರಹಾಂ ಗ್ರೀನ್ ಕೈಗೆ ಕೊಟ್ಟು, 1935ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು.

ನನ್ನ ಒಗಟಿಗೆ ಉತ್ತರ ಸಿಕ್ಕಿದ್ದು ಇದರ ಮುಂದಿನ ಭಾಗದಲ್ಲಿ. 1939ರಲ್ಲಿ ನಾರಾಯಣ್ ಅವರ ಹೆಂಡತಿ ರಾಜಂ ಟೈಫಾಯ್ಡ್‌ನಿಂದ ತೀರಿಕೊಂಡರು. ಮಗಳಿಗೆ ಆಗ ಮೂರು ವರ್ಷ. ಎದೆ ಒಡೆಯುವ ಕೊನೆಯ ಪುಟವನ್ನು ಹುಡುಕುತ್ತಿದ್ದವರ ಮನೆಗೇ ಅದು ಹುಡುಕಿಕೊಂಡು ಬಂತು. ಹಲವು ಕಾಲ ಅವರು ಏನನ್ನೂ ಬರೆಯಲಿಲ್ಲ. ಆಮೇಲೆ ಬಂದದ್ದು 1945ರ ‘ದಿ ಇಂಗ್ಲಿಷ್ ಟೀಚರ್’. ತಮ್ಮದೇ ಕಥೆ ಅದು ಎಂದು ಅವರು ಮುಚ್ಚಿಟ್ಟಿಲ್ಲ. ಹೊಸ ಮನೆ ನೋಡಲು ಹೋದ ಎಳೆಯ ಗಂಡಹೆಂಡತಿ, ಅಲ್ಲಿಂದ ಅಂಟಿದ ಕಾಯಿಲೆ, ಡಾಕ್ಟರ ಭರವಸೆ, ಜ್ವರದ ಚಾರ್ಟು, ದಿನದಿನದ ಲೆಕ್ಕ. ‘ಈಸ್ಟ್ ಲಿನ್’ನ ಒಂದು ಹನಿ ಆಡಂಬರವೂ ಅದರಲ್ಲಿಲ್ಲ. ಆದರೆ ಓದುವವರ ಗಂಟಲು ಕಟ್ಟುತ್ತದೆ.

ನನಗೆ ಅನ್ನಿಸುವುದು ಇಷ್ಟು. ಹತ್ತೊಂಬತ್ತರಲ್ಲಿ ಅವರು ದುಃಖದ ಪುಸ್ತಕಗಳನ್ನು ಕುಡಿದದ್ದು ವ್ಯರ್ಥವಾಗಲಿಲ್ಲ. ದುಃಖದ ಅಬ್ಬರ ಹೇಗಿರುತ್ತದೆ ಎಂದು ಆಗಲೇ ಪೂರ್ತಿ ಕಂಡುಬಿಟ್ಟಿದ್ದರಿಂದ, ನಿಜವಾದ ದುಃಖ ಬಂದಾಗ ಅಬ್ಬರ ಬೇಕಾಗಲಿಲ್ಲ. ಒಳ್ಳೆಯ ಪುಸ್ತಕವೇ ಒಳ್ಳೆಯ ಬರಹಗಾರನನ್ನು ಮಾಡುತ್ತದೆ ಎಂದು ನಾವು ಸುಲಭವಾಗಿ ಹೇಳುತ್ತೇವೆ. ಮನಸಾರೆ ಓದಿದ್ದರೆ ಅಷ್ಟೇನೂ ಒಳ್ಳೆಯದಲ್ಲದ ಪುಸ್ತಕವೂ ಹದಿನೈದು, ಇಪ್ಪತ್ತು ವರ್ಷದ ನಂತರ ಕೆಲಸಕ್ಕೆ ಬರುತ್ತದೆ. ಯಾವ ಪುಸ್ತಕ ಯಾವಾಗ ಎಂಬುದನ್ನು ಆ ವರ್ಷದ ಡಿಸೆಂಬರ್‌ನಲ್ಲಿ ಬರೆದ ಪಟ್ಟಿ ಹೇಳಲಾರದು.

ಅಜ್ಜಿಯ ಮನೆಯ ಕಡೆಯಿಂದ ಬಂದ ಇನ್ನೊಂದು ಸಾಲವೂ ಹೀಗೇ ತಡವಾಗಿ ತೀರಿತು. ಅವರ ಸೋದರಮಾವ ಟಿ.ಎನ್. ಶೇಷಾಚಲಂ ಮದರಾಸಿನಲ್ಲಿ ‘ಕಲಾನಿಲಯಂ’ ಎಂಬ ತಮಿಳು ಪತ್ರಿಕೆ ನಡೆಸುತ್ತಿದ್ದವರು, ಕಂಬರಾಮಾಯಣ ಎಂದರೆ ಪ್ರಾಣ. 1938ರಲ್ಲಿ ಸಾಯುವ ಹೊತ್ತಿಗೆ, ಕಂಬನನ್ನು ಓದು ಎಂದು ಅಳಿಯನಿಂದ ಮಾತು ತೆಗೆದುಕೊಂಡರು. ಆ ಮಾತು ನಾರಾಯಣ್ ಅವರ ಇಂಗ್ಲಿಷ್ ರಾಮಾಯಣವಾಗಿ ಬಂದದ್ದು ಮೂರು ದಶಕಗಳಿಗೂ ಹೆಚ್ಚು ಕಾಲ ಕಳೆದ ಮೇಲೆ, 1970ರ ದಶಕದ ಆರಂಭದಲ್ಲಿ.

ರಿಪೀಟರ್ ಬ್ಯಾಚ್

ಈಗ ನಮ್ಮ ಅಪಾರ್ಟ್‌ಮೆಂಟಿನ ಹುಡುಗನ ವಿಷಯ. ದಾವಣಗೆರೆ ಕಡೆಯ ಕುಟುಂಬ, ಚೆನ್ನೈಗೆ ಬಂದು ಹದಿನಾಲ್ಕು ವರ್ಷ. ಹುಡುಗ ಕಳೆದ ವರ್ಷ ನೀಟ್ ಬರೆದ, ಸರ್ಕಾರಿ ಸೀಟಿಗೆ ಸಾಲುವಷ್ಟು ಅಂಕ ಬರಲಿಲ್ಲ. ಈಗ ರಿಪೀಟರ್ ಬ್ಯಾಚ್. ಬೆಳಿಗ್ಗೆ ಆರೂವರೆಗೆ ಕೋಚಿಂಗ್ ಸೆಂಟರಿನ ವ್ಯಾನ್, ರಾತ್ರಿ ಎಂಟಕ್ಕೆ ವಾಪಸು. ಭಾನುವಾರ ಟೆಸ್ಟ್. ಅವನ ಕಪಾಟಿನಲ್ಲಿದ್ದ ಕಥೆ ಪುಸ್ತಕಗಳನ್ನೆಲ್ಲ ಅಪ್ಪ ರಟ್ಟಿನ ಡಬ್ಬಕ್ಕೆ ತುಂಬಿ ಅಟ್ಟದ ಮೇಲೆ ಹಾಕಿದ್ದಾರೆ. ‘ಒಂದು ವರ್ಷ ತಾನೆ ಸಾರ್, ಕಣ್ಣು ಮುಚ್ಕೊಂಡು ಓದಿಬಿಟ್ರೆ ಮುಗೀತು’ ಎಂದು ನನ್ನ ಹತ್ತಿರ ಹೇಳಿದರು.

ಆ ಅಪ್ಪನನ್ನು ತಪ್ಪು ಎನ್ನಲು ನನಗೆ ಬಾಯಿ ಬರುವುದಿಲ್ಲ. ವರ್ಷಕ್ಕೆ 20 ಲಕ್ಷಕ್ಕೂ ಹೆಚ್ಚು ಮಕ್ಕಳು ಬರೆಯುವ ಪರೀಕ್ಷೆ ಅದು. ಎಂಬಿಬಿಎಸ್ ಸೀಟು ಒಂದು ಲಕ್ಷದ ಚಿಲ್ಲರೆ. ಸರ್ಕಾರಿ ಸೀಟು ಬಿಟ್ಟರೆ ಫೀಸು ಮಧ್ಯಮ ವರ್ಗದ ಕೈಗೆ ಎಟುಕುವುದಿಲ್ಲ. ಗೇಟ್ ಪರೀಕ್ಷೆಗೆ ಓದಿ ಎಂ.ಟೆಕ್. ಸೇರಿದವನು ನಾನು. ಒಂದು ಪರೀಕ್ಷೆ ಪಾಸಾದದ್ದರಿಂದಲೇ ಈ ಊರಿನಲ್ಲಿ ನನಗೆ ಕೆಲಸವಿದೆ. ಪರೀಕ್ಷೆಯನ್ನು ಲಘುವಾಗಿ ಮಾತನಾಡುವ ಅಧಿಕಾರ ನನ್ನಂಥವರಿಗಿಲ್ಲ.

ಆದರೂ ಒಂದು ರಾತ್ರಿ ಲಿಫ್ಟಿನಲ್ಲಿ ಸಿಕ್ಕ ಹುಡುಗ ಕೇಳಿದ ಮಾತು ಮನಸ್ಸಿನಲ್ಲಿ ಉಳಿದಿದೆ. ‘ಅಂಕಲ್, ನಿಮ್ಮ ಹತ್ರ ಓದೋಕೆ ಏನಾದ್ರೂ ಇದ್ಯಾ? ಓದೋ ಪುಸ್ತಕ ಅಲ್ಲ, ಸುಮ್ನೆ ಓದೋ ಪುಸ್ತಕ.’

ಫೇಲಾದ ಒಂದು ವರ್ಷ ಎಂಬುದು ನೂರು ವರ್ಷದ ಹಿಂದೆಯೂ ಇತ್ತು, ಈಗಲೂ ಇದೆ. ಆಗ ಅದು ಖಾಲಿ ವರ್ಷ. ಈಗ ಅದರಲ್ಲಿ ಒಂದು ಸಂಜೆಯೂ ಖಾಲಿ ಇಲ್ಲ. ನಾರಾಯಣ್ ಪಾಲಿಗೆ ಬಂದ ಆ ವರ್ಷವೇನೂ ಎಲ್ಲರಿಗೂ ಸಿಗುತ್ತಿದ್ದುದಲ್ಲ ಎಂಬುದನ್ನೂ ಹೇಳಬೇಕು. ತಂದೆ ಹೆಡ್‌ಮಾಸ್ಟರ್, ಮನೆಯಲ್ಲಿ ಊಟಕ್ಕೆ ಕೊರತೆಯಿಲ್ಲ, ಲೈಬ್ರರಿಯ ಬಾಗಿಲು ಅವರಿಗೆ ಯಾವಾಗಲೂ ತೆರೆದಿರುತ್ತಿತ್ತು. ಅದೇ ವರ್ಷ ಅದೇ ಪರೀಕ್ಷೆಯಲ್ಲಿ ಫೇಲಾಗಿ, ಅಂಗಡಿಯ ಲೆಕ್ಕ ಬರೆಯಲು ಹೋದ ಹುಡುಗರೂ ಇದ್ದಿರಲೇಬೇಕು. ಅವರ ಆತ್ಮಕಥೆ ನಮಗೆ ಸಿಗುವುದಿಲ್ಲ.

ನಾರಾಯಣ್ ಈ ಸಂಗತಿಯನ್ನು ಮರೆಯಲಿಲ್ಲ ಎಂಬುದಕ್ಕೆ ಒಂದು ಸಾಕ್ಷಿಯಿದೆ. 1980ರ ದಶಕದಲ್ಲಿ ಅವರನ್ನು ರಾಜ್ಯಸಭೆಗೆ ನಾಮಕರಣ ಮಾಡಿದಾಗ ಅವರು ಎದ್ದು ನಿಂತು ಮಾತಾಡಿದ್ದು ಸಾಹಿತ್ಯದ ಬಗ್ಗೆ ಅಲ್ಲ, ಶಾಲಾ ಮಕ್ಕಳ ಬೆನ್ನ ಮೇಲಿನ ಚೀಲದ ಭಾರದ ಬಗ್ಗೆ. ಮಗುವಿಗೆ ಆಡಲು, ಕನಸು ಕಾಣಲು ಹೊತ್ತೇ ಉಳಿದಿಲ್ಲ ಎಂಬುದು ಅವರ ದೂರು. ಈ ವಿಷಯವನ್ನು ಪರಿಶೀಲಿಸಲು ಮುಂದೆ ಪ್ರೊ. ಯಶ್‌ಪಾಲ್ ಸಮಿತಿ ಬಂತು, 1993ರಲ್ಲಿ ವರದಿಯನ್ನೂ ಕೊಟ್ಟಿತು. ಚೀಲದ ಭಾರ ಎಷ್ಟು ಇಳಿದಿದೆ ಎಂಬುದನ್ನು ಪ್ರತಿ ಮನೆಯವರೂ ಬೆಳಿಗ್ಗೆ ಎತ್ತಿ ನೋಡಬಹುದು.

ಬಾಗಿಲು ಎಲ್ಲಿ ತೆರೆದಿದೆ?

ಹೆಡ್‌ಮಾಸ್ಟರ್ ಅಪ್ಪ ಇಲ್ಲದವರಿಗೆ ಲೈಬ್ರರಿ ಎಲ್ಲಿ? ಚೆನ್ನೈಯಲ್ಲಿರುವ ನಮಗೆ ಈ ವಿಷಯದಲ್ಲಿ ದೂರಲು ಹೆಚ್ಚು ಕಾರಣವಿಲ್ಲ. ಎಗ್ಮೋರಿನ ಮ್ಯೂಸಿಯಂ ಆವರಣದಲ್ಲಿ 1896ರಲ್ಲಿ ತೆರೆದ ಕನ್ನೆಮರಾ ಗ್ರಂಥಾಲಯವಿದೆ. 1954ರ ಕಾಯ್ದೆಯ ಪ್ರಕಾರ ದೇಶದಲ್ಲಿ ಪ್ರಕಟವಾದ ಪ್ರತಿ ಪುಸ್ತಕದ ಒಂದು ಪ್ರತಿ ಹೋಗಬೇಕಾದ ನಾಲ್ಕು ಗ್ರಂಥಾಲಯಗಳಲ್ಲಿ ಇದೂ ಒಂದು. ಎಂದರೆ ಧಾರವಾಡದಲ್ಲೋ ಬೆಂಗಳೂರಿನಲ್ಲೋ ಅಚ್ಚಾದ ಕನ್ನಡ ಪುಸ್ತಕವೂ ಇಲ್ಲಿಗೆ ಬರಬೇಕು. ಕೋಟ್ಟೂರುಪುರಂನಲ್ಲಿ 2010ರಲ್ಲಿ ತೆರೆದ ಅಣ್ಣಾ ಶತಮಾನೋತ್ಸವ ಗ್ರಂಥಾಲಯದಲ್ಲಿ ಮಕ್ಕಳಿಗೇ ಒಂದು ದೊಡ್ಡ ವಿಭಾಗವಿದೆ. ನಮ್ಮ ಹೊರನಾಡು ಕನ್ನಡಿಗರು ರಾಜ್ಯೋತ್ಸವಕ್ಕೆ ಸೇರುವಷ್ಟು ಜನ ಒಂದು ಭಾನುವಾರ ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋದರೆ, ಯಾವ ಮಗು ಯಾವ ಪುಸ್ತಕದ ಮುಂದೆ ನಿಲ್ಲುತ್ತದೆಂದು ನೋಡಬಹುದು.

ನಿಂತ ಪುಸ್ತಕ ನಮಗೆ ಇಷ್ಟವಾಗದಿದ್ದರೆ? ಅಲ್ಲೇ ಇರುವುದು ಕಷ್ಟ. ‘ಇದೇನು ಓದ್ತೀಯ, ಒಳ್ಳೇದು ಏನಾದ್ರೂ ಓದು’ ಎಂಬ ಮಾತು ನಮ್ಮ ನಾಲಿಗೆಯ ತುದಿಯಲ್ಲೇ ಇರುತ್ತದೆ. ಮೇರಿ ಕೊರೆಲ್ಲಿಯ ಚಿತ್ರ ಶೆಲ್ಫಿನ ಮೇಲೆ ಕಂಡಾಗ ಕೃಷ್ಣಸ್ವಾಮಿ ಅಯ್ಯರ್ ಅದನ್ನು ಕಿತ್ತುಹಾಕಲಿಲ್ಲ. ಅಷ್ಟು ಮಟ್ಟಿಗೆ ನಾವೂ ಸುಮ್ಮನಿರಬಹುದು.

ಲಿಫ್ಟಿನಲ್ಲಿ ಕೇಳಿದ ಹುಡುಗನಿಗೆ ನಾನು ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕೊಟ್ಟೆ, ಜತೆಗೆ ತೇಜಸ್ವಿಯವರ ‘ಕರ್ವಾಲೊ’. ಅವನಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾನೆ. ಅದನ್ನು ನೋಡಲಾರದೆ ಅವರಮ್ಮ, ರಾತ್ರಿ ಅವನು ಊಟ ಮಾಡುವಾಗ ಎದುರು ಕೂತು ನಾಲ್ಕು ಪುಟ ಓದಿ ಹೇಳುತ್ತಾರಂತೆ. ಊಟದ ಹೊತ್ತು ಹೇಗೂ ಟೈಮ್‌ಟೇಬಲ್‌ನಲ್ಲಿ ಖಾಲಿ ಇತ್ತು, ಅಪ್ಪ ಏನೂ ಅನ್ನಲಿಲ್ಲ. ಮೊನ್ನೆ ಆಕೆ ಸಿಕ್ಕಾಗ, ಹಾರುವ ಓತಿ ಸಿಗುತ್ತದೋ ಇಲ್ಲವೋ ತಡೆಯಲಾರದೆ ತಾನೊಬ್ಬಳೇ ಕೊನೆಯವರೆಗೂ ಓದಿಬಿಟ್ಟೆ ಎಂದರು. ಮಗನಿಗೆ ಹೇಳಿಲ್ಲವಂತೆ. ಮೇ ತಿಂಗಳಲ್ಲಿ ಅವನ ಪರೀಕ್ಷೆ. ಅದಕ್ಕೂ ಮೊದಲು ಪುಸ್ತಕ ಮುಗಿಯುತ್ತದೆ.